ಅವಳ ಕೈ, ಅವನ ಗ್ರಾಂ

"ಮುಟ್ಟಬೇಡಿ ಅದನ್ನ!"

ಸೌಟು ಮೇಜಿಗೆ ಬಡಿದ ಸದ್ದಿಗೆ ಆಸ್ಪತ್ರೆಯ ಅಡುಗೆಮನೆಯೇ ಬೆಚ್ಚಿತು. ಪಾತ್ರೆ ತೊಳೆಯುತ್ತಿದ್ದ ಅವಳ ಅತ್ತಿಗೆ ನಲ್ಲಿ ನಿಲ್ಲಿಸಿ ತಿರುಗಿ ನೋಡಿದಳು.

ಆ ಅಪರಿಚಿತನ ಕೈಯಲ್ಲಿ ಅವಳ ಸ್ಟೀಲ್ ಕಪ್ ಇತ್ತು! ಅಂಚು ಸವೆದು, ಹಿಡಿ ಸೊಟ್ಟಗಾದ ಕಪ್. ಬೆಳಗಿನ ಓಟ್ಸ್ ಗಂಜಿಗೆ ಅದೊಂದೇ ಅಳತೆ. ಆ ಕಪ್ ಮುಟ್ಟುವ ಧೈರ್ಯ ಇಡೀ ಅಡುಗೆಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ಅವಳನ್ನು ಎಲ್ಲರೂ 'ಕಿಡಿ' ಎಂದು ಕರೆಯುತ್ತಿದ್ದುದು ಸುಮ್ಮನೆಯೇ?

"ಸ್ಟೋರ್‌ಗೆ ಹೊಸಬ ನಾನು," ಎಂದ ಅವನು. ದನಿಯಲ್ಲಿ ಗಾಬರಿ ಇರಲಿಲ್ಲ, ಗತ್ತೂ ಇರಲಿಲ್ಲ. "ಕಪ್ ಲೆಕ್ಕ ಎಲ್ಲ ತೂಕಕ್ಕೆ ತಿರುಗಿಸಬೇಕಂತೆ. ಮ್ಯಾನೇಜರ್ ಹೇಳಿದಾರೆ."

"ನನಗೆ ಯಾರೂ ಹೇಳಿಲ್ಲ."

"ಅದಕ್ಕೇ ನಾನು ಹೇಳ್ತಾ ಇದೀನಿ."

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಿಡಿಯ ಕಿವಿ ಕೆಂಪಾಯಿತು.

ಅವನು ಮೇಜಿನ ಮೇಲೆ ಒಂದು ಪುಟ್ಟ ತಕ್ಕಡಿ ಇಟ್ಟ. ಅಂಕಿ ತೋರಿಸುವ ತಕ್ಕಡಿ. ಅವಳು ಆಗಲೇ ತುಂಬಿಟ್ಟಿದ್ದ ಕಪ್ಪಿನ ಓಟ್ಸನ್ನು ಅದರ ತಟ್ಟೆಗೆ ಸುರಿದ. ತೊಂಬತ್ತು ಗ್ರಾಂ.

"ಇನ್ನೊಂದ್ಸಲ ತುಂಬ್ತೀರಾ?"

ಅವಳು ಕಪ್ ಕಿತ್ತುಕೊಂಡು, ಚೀಲಕ್ಕೆ ಚುಚ್ಚಿ, ತುಂಬಿ, ಎರಡು ಸಲ ಮೇಜಿಗೆ ಕುಟ್ಟಿ, ಮೇಲೆ ಮತ್ತಷ್ಟು ಒತ್ತಿ ಕೊಟ್ಟಳು. ನೂರ ನಾಲ್ಕು!

"ಅದೇ ಕಪ್ಪು, ಅದೇ ಚೀಲ... ಎರಡು ತೂಕ," ಎಂದ.

"ಅಂದ್ರೆ ನಿಮ್ಮ ತಕ್ಕಡಿ ಕೆಟ್ಟಿದೆ."

"ತಕ್ಕಡಿ ಸರಿಯಾಗೇ ಇದೆ. ಈ ಸಲ ಸಿಟ್ಟಲ್ಲಿ ಒತ್ತಿ ತುಂಬಿದ್ರಿ. ಹೆಚ್ಚಿಗೆ ಬಂದಿರೋ ಹದಿನಾಲ್ಕು ಗ್ರಾಂ ಓಟ್ಸ್ ಅಲ್ಲ, ನಿಮ್ಮ ಕೋಪ."

ಈಗ ಅಡುಗೆಮನೆಯ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು!

'ಎಷ್ಟು ಕೊಬ್ಬು ಇವನಿಗೆ!' ಎಂದುಕೊಂಡಳು ಅವಳು. ಆದರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ? ಸಿಟ್ಟಿಗೇ ಇರಬೇಕು... ಇನ್ನೇನು?

ಅಂದಿನಿಂದ ಅವನ ಹೆಸರು 'ಗ್ರಾಂ ಸಾಹೇಬ' ಎಂದಾಯಿತು.

* * *

ಅವಳ ಭಯ ಗ್ರಾಂ ಲೆಕ್ಕದ್ದಲ್ಲ. ಅದನ್ನು ಹೇಳಿಬಿಡಬೇಕು.

ಆ ಆಸ್ಪತ್ರೆಯ ಅಡುಗೆ ಗುತ್ತಿಗೆಯದು. ಪಾತ್ರೆ ತೊಳೆಯಲು ಸೇರಿದವಳು ಅವಳು. ಒಂದು ಬೆಳಗ್ಗೆ ಗಂಜಿ ಕಲಕಲು ಯಾರೂ ಇರಲಿಲ್ಲವೆಂದು ಸೌಟು ಹಿಡಿದಳು. ವಾರ್ಡುಗಳಿಂದ ಬಟ್ಟಲುಗಳು ನೆಕ್ಕಿದ ಹಾಗೆ ಖಾಲಿಯಾಗಿ ವಾಪಸು ಬಂದವು. ಅಂದಿನಿಂದ ಒಲೆ ಅವಳದು. ಸರ್ಟಿಫಿಕೇಟು ಇಲ್ಲ, ನೇಮಕದ ಕಾಗದ ಇಲ್ಲ, ಬೆನ್ನಿಗೆ ನಿಲ್ಲುವ ದೊಡ್ಡವರಿಲ್ಲ. ಇದ್ದದ್ದು ಕೈ. ಕಪ್ ಎತ್ತಿದರೆ ಸಾಕು, ಎಷ್ಟು ನೀರು ಬೇಕೆಂದು ಹೇಳುವ ಕೈ. ಬಡವರ ಮನೆಯ ಹೆಣ್ಣಿಗೆ ಜಗತ್ತು ಹಾಗೂ ಹೀಗೂ ಬಿಟ್ಟುಕೊಟ್ಟಿರುವ ಆಸ್ತಿ ಅದು. ಅದನ್ನೂ ಅಂಕಿ ಮಾಡಿ ಗೋಡೆಗೆ ಅಂಟಿಸಿದರೆ ನಾಳೆ ಅವಳ ಜಾಗದಲ್ಲಿ ಅರ್ಧ ಕೂಲಿಗೆ ಯಾರನ್ನು ಬೇಕಾದರೂ ನಿಲ್ಲಿಸಬಹುದಲ್ಲ!

ಆದ್ದರಿಂದಲೇ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ಎರಡು ಕೋಣೆಯ ಮನೆ. ಅಣ್ಣ ಲಾರಿ ಹತ್ತಿ ಹೋದರೆ ತಿರುಗಿ ಬರುವುದು ಯಾವಾಗಲೋ. ಸಂಜೆ ಅತ್ತಿಗೆ ಕಾಲು ಚಾಚಿ ಕೂತರೆ ಇವಳು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ.

"ಏನೇ, ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗ್ತೀಯ? ಕೂತ್ಕೋ."

"ಕೂತ್ಕೋಳಕ್ಕಾಗ್ತಿಲ್ಲ ಅತ್ತಿಗೆ."

"ಗ್ರಾಂ ಸಾಹೇಬರು ಕಾಲಿಗೆ ಚಕ್ರ ಕಟ್ಟಿದಾರಾ?"

"ಅತ್ತಿಗೇ!"

ಆದರೂ ಅವನು ದಿನಾ ಬರುತ್ತಿದ್ದ. ದಿನಾ ಕಪ್ ಕೇಳಿಯೇ ತೆಗೆದುಕೊಳ್ಳುತ್ತಿದ್ದ. ಚಪ್ಪಟೆ ಓಟ್ಸ್ ಒಂದು ಕಪ್ಪಿಗೆ ತೊಂಬತ್ತು. ಓಟ್ಸ್ ಕಾಳನ್ನು ಒಡೆದು ಮಾಡಿದ ನುಚ್ಚು ಅದೇ ಕಪ್ಪಿಗೆ ನೂರ ಎಂಬತ್ತು!

"ಡಬಲ್ಲಾ?" ಅವಳೇ ಬೆರಗಾಗಿದ್ದಳು.

"ಚಪ್ಪಟೆ ಅಂದ್ರೆ ಮಧ್ಯೆ ಎಲ್ಲ ಗಾಳಿ. ನುಚ್ಚು ಒಂದಕ್ಕೊಂದು ಒತ್ತಿ ಕೂತ್ಕೊಳುತ್ತೆ. ನಮ್ಮ ಸಿಟಿ ಬಸ್ ಥರ."

ಅವಳಿಗೆ ನಗು ಬಂತು. ತಡೆಯಲು ಹೋಗಿ ಕೆಮ್ಮಿದಳು. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು... ಇಬ್ಬರೂ ತಕ್ಕಡಿಯನ್ನೇ ದಿಟ್ಟಿಸುತ್ತ ನಿಂತರು. ತಕ್ಕಡಿಯಲ್ಲಿ ಏನೂ ಇರಲಿಲ್ಲ.

ಅವನ ಅಪ್ಪ ಮಾರ್ಕೆಟ್ ರಸ್ತೆಯಲ್ಲಿ ತಕ್ಕಡಿ ರಿಪೇರಿಯವನಂತೆ. "ನಮ್ಮ ಮನೇಲಿ ಆಸ್ತಿ ಅಂತ ಏನೂ ಇಲ್ಲ," ಎಂದ ಒಂದು ದಿನ. "ಇವರು ಹೇಳಿದ ತೂಕ ಸುಳ್ಳಾಗಲ್ಲ ಅನ್ನೋ ಹೆಸರೊಂದಿದೆ, ಅಷ್ಟೇ."

"ನಿಮಗೆ ಹೆಸರು. ನನ್ನ ಕೈ ಕಿತ್ಕೊಂಡ್ರೆ ನನಗೇನು ಉಳಿಯುತ್ತೆ?"

ಅವನು ಮೇಜಿನ ಮೇಲಿದ್ದ ಬಟ್ಟಲೊಂದನ್ನು ಎತ್ತಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: "ಬಡಿಸೋ ಬಟ್ಟಲು ಹೋದ ವರ್ಷ ಇಷ್ಟೇ ಇತ್ತಾ?"

ಇರಲಿಲ್ಲ. ದೊಡ್ಡದಿತ್ತು. ಮ್ಯಾನೇಜರ್ ಹೊಸ ಬಟ್ಟಲು ತರಿಸಿ 'ಒಬ್ಬರಿಗೆ ಒಂದು ಬಟ್ಟಲು, ಎಂದಿನ ಹಾಗೆ' ಎಂದಿದ್ದ. ಬಟ್ಟಲು ಚಿಕ್ಕದಾದರೆ ಹೊಟ್ಟೆಯೂ ಚಿಕ್ಕದಾಗುತ್ತದೆಯೇ? ಆ ಪ್ರಶ್ನೆ ಕೇಳುವವರು ಹಾಸಿಗೆ ಹಿಡಿದು ಮಲಗಿದ್ದರು.

"ಬಟ್ಟಲು ಯಾರು ಬೇಕಾದ್ರೂ ಕಿರಿದು ಮಾಡಬಹುದು," ಎಂದ ಅವನು. "ಗ್ರಾಂ ಕಿರಿದು ಮಾಡೋಕೆ ಯಾರಪ್ಪನ ಕೈಲೂ ಆಗಲ್ಲ."

ಆ ಸಂಜೆ ಅವಳು ಬಾಗಿಲು ಕಿಟಕಿ ಅಂತ ಓಡಾಡಿದ್ದು ಭಯಕ್ಕಲ್ಲ. ಬೇರೇನೋ. ಅದಕ್ಕೆ ಹೆಸರಿಡಲು ಅವಳಿಗೆ ಧೈರ್ಯ ಸಾಲಲಿಲ್ಲ...

* * *

ಆಮೇಲೆ ಅದು ನಡೆಯಿತು.

ಸ್ಟೋರ್ ಬಾಗಿಲು ಅರೆ ತೆರೆದಿತ್ತು. ಜೀರಿಗೆ ಕೇಳಲು ಹೋದವಳಿಗೆ ಮ್ಯಾನೇಜರ್ ದನಿ ಕೇಳಿಸಿತು.

"ಎಲ್ಲಾ ತೂಕ ಬಂತಲ್ಲ? ಭೇಷ್! ಇನ್ನು ಆ ಹೆಂಗಸಿನ ಕೊಬ್ಬು ಇಳಿಯುತ್ತೆ. ಇದನ್ನ ನೋಡ್ಕೊಂಡು ದಾರೀಲಿ ಹೋಗೋಳೂ ಗಂಜಿ ಮಾಡ್ತಾಳೆ, ಅರ್ಧ ಸಂಬಳಕ್ಕೆ!"

ಅವಳು ಬಾಗಿಲ ಹಿಂದೆಯೇ ನಿಂತಳು. 'ಮಾತಾಡು... ಇಲ್ಲ ಅಂತ ಹೇಳು... ಒಂದೇ ಒಂದು ಮಾತು!'

"ಹೂಂ ಸರ್..." ಎಂದಿತು ಅವನ ದನಿ.

ಅಷ್ಟೇ. ಅಷ್ಟಕ್ಕೇ ತಿರುಗಿಬಿಟ್ಟಳು. ಜೀರಿಗೆಯೂ ಬೇಡ, ಏನೂ ಬೇಡ! ಕಣ್ಣು ಉರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಅವನೇ ಒಲೆಯ ಬಳಿ ಬಂದ. "ನಿಮ್ಮ ಹತ್ರ ಒಂದು ವಿಷಯ..."

"ಒಳ್ಳೇ ನಗೆ ನಕ್ಕು, ಒಳ್ಳೇ ಮಾತಾಡಿ, ನನ್ನ ಕೈಯನ್ನ ಗ್ರಾಂ ಗ್ರಾಂ ಆಗಿ ಕದ್ರಿ," ಎಂದಳು. ದನಿ ಏರಲಿಲ್ಲ. ಅದೇ ಅವನನ್ನು ಹೆದರಿಸಿತು. "ಕಳ್ಳರು ಬಾಗಿಲು ಒಡೆದು ಬರ್ತಾರೆ. ನೀವು ಕೇಳ್ಕೊಂಡು ಬಂದ್ರಿ. ನಾನೇ ತೆಗೆದೆ!"

"ನೀವು ಪೂರ್ತಿ ಕೇಳಿಸ್ಕೊಂಡಿಲ್ಲ..."

"ಹೋಗಿ ಇಲ್ಲಿಂದ."

ಅವನು ಹೋದ. ಹೋಗಬೇಡವೆಂದು ಅವಳ ಮನಸ್ಸು ಕೂಗಿತು. ತುಟಿ ಕಚ್ಚಿಕೊಂಡಳು. ಮಾನವಂತರ ಪಾಡೇ ಇದು ನೋಡಿ: ಹಸಿವನ್ನಾದರೂ ಒಪ್ಪಿಕೊಂಡಾರು, ಪ್ರೀತಿಯನ್ನು ಒಪ್ಪಿಕೊಳ್ಳರು!

ಆಮೇಲಿನ ದಿನಗಳಲ್ಲಿ ಅತ್ತಿಗೆ ಬಾಯಿ ತೆರೆದಾಗಲೆಲ್ಲ ಅವಳದು ಒಂದೇ ಮಾತು. "ಅವನ ಸುದ್ದಿ ಎತ್ತಬೇಡ." ನಿದ್ದೆ ಇಲ್ಲ, ಊಟ ರುಚಿಯಿಲ್ಲ. ಕೈಗೆ ಕೆಲಸ ಸಾಲುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಒಂದು ಬೆಳಗ್ಗೆ ಮೂಲೆಯಲ್ಲಿ ಹೊಸ ಚೀಲ ಇತ್ತು. ಮೇಲೆ ಒಂದು ಚೀಟಿ ಅಂಟಿಸಿತ್ತು. ಉರುಟುರುಟಾದ ಅವನ ಅಕ್ಷರ! ಏನು ಬರೆದಿದೆಯೆಂದು ಓದಲಿಲ್ಲ. ಪರ್ರನೆ ಕಿತ್ತು ಒಲೆಗೆ ಹಾಕಿದಳು. ಕಪ್ ಹಿಡಿದು ಅಳೆಯತೊಡಗಿದಳು. ಮೂಲೆಯಲ್ಲಿ ಬೆಳಕಿರಲಿಲ್ಲ, ಒಲೆಯ ಹಬೆ ಬೇರೆ. ಕಣ್ಣು ಮಾತ್ರ ಸ್ಟೋರ್ ಬಾಗಿಲ ಮೇಲೆ. 'ಬರ್ತಾನಾ? ಬಂದ್ರೆ ಮುಖ ತಿರುಗಿಸ್ತೀನಿ. ಬರದೇ ಹೋದ್ರೆ...?'

ತುಂಬಿದ ಕಪ್ ಭಾರವಾಗಿತ್ತು. ಎಂದಿನ ಅವಳ ಕೈಯಾಗಿದ್ದರೆ ಮೊದಲ ಕಪ್ಪಿಗೇ ಹೇಳಿಬಿಡುತ್ತಿತ್ತು. ಆದರೆ ಅಂದು ಅವಳಿಗೆ ಲೋಕವೇ ಭಾರವಾಗಿತ್ತಲ್ಲ!

ಚೀಲದಲ್ಲಿದ್ದದ್ದು ನುಚ್ಚು.

ಚಪ್ಪಟೆ ಓಟ್ಸ್‌ನ ಅಳತೆಯ ನೀರಿಗೆ ಎರಡರಷ್ಟು ತೂಕದ ನುಚ್ಚು. ಸೌಟು ನಿಂತುಕೊಂಡಿತು. ಹೌದು, ಕೈ ಬಿಟ್ಟರೂ ಸೌಟು ನಟ್ಟನಡುವೆ ಕಂಬದ ಹಾಗೆ ನಿಂತಿತು! ತಳ ಹತ್ತಿ ಸೀದ ವಾಸನೆ ಎದ್ದಿತು. ಮೇಲೆ ನೋಡಿದರೆ ಕಾಳು ಇನ್ನೂ ಹಸಿ.

"ಅಯ್ಯೋ, ಇದು ಗಂಜಿಯಲ್ಲ ಕಣೇ, ಗಾರೆ!" ಎಂದಳು ಅತ್ತಿಗೆ. "ಇದರಲ್ಲಿ ಗೋಡೆ ಕಟ್ಟಬಹುದು."

ಯಾರೂ ನಗಲಿಲ್ಲ. ಮೇಲೆ ವಾರ್ಡುಗಳಲ್ಲಿ ಹೊಟ್ಟೆಗಳು ಕಾಯುತ್ತಿದ್ದವು.

* * *

ಮ್ಯಾನೇಜರ್ ಬಂದ. ಅವನ ಮುಖದಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚಿತ್ತು. ಬಹಳ ದಿನದಿಂದ ಹುಡುಕುತ್ತಿದ್ದ ನೆಪ ತಾನಾಗಿ ಒಲೆಯ ಮೇಲೆ ಸೀದು ಕೂತಿತ್ತು!

"ಯಾರಮ್ಮ ಇದಕ್ಕೆ ಹೊಣೆ? ಹಾಂ? ಕೈ ಅಳತೆ, ಕೈ ಅಳತೆ ಅಂತ ಮೆರೀತಿದ್ದೆಯಲ್ಲ!"

ಅವಳು ಸೀದ ಹಂಡೆಯನ್ನೇ ನೋಡುತ್ತ ನಿಂತಳು. ಕೆಲಸ ಹೋಯಿತು... ಒಲೆ ಹೋಯಿತು...

"ನನ್ನ ತಪ್ಪು ಸರ್."

ಬಾಗಿಲಲ್ಲಿ ಅವನಿದ್ದ.

"ನುಚ್ಚಿನ ತೂಕ ನಾನೇ ತಪ್ಪು ಬರೆದುಕೊಟ್ಟೆ. ಅವರು ನನ್ನ ಲೆಕ್ಕ ನಂಬಿ ಮಾಡಿದಾರೆ."

ಅವಳು ತಟ್ಟನೆ ತಲೆ ಎತ್ತಿದಳು. ಸುಳ್ಳು! ಅವನು ಬರೆದದ್ದನ್ನು ಅವಳು ಓದಿಯೇ ಇರಲಿಲ್ಲ! ನುಚ್ಚಿನ ತೂಕ ಸರಿಯಾಗಿಯೇ ಇತ್ತು, ಅವಳ ಕೈಯಾರೆ ತುಂಬಿ ತೂಗಿದ್ದು! ಹೇಳಬೇಕು... ಈಗಲೇ ಹೇಳಬೇಕು...

ಆ ಒಂದು ಗಳಿಗೆ ಅವಳು ಸುಮ್ಮನಿದ್ದಳು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಿನ್ನ ತಕ್ಕಡಿ ತಗೊಂಡು ನಡಿ," ಎಂದ ಮ್ಯಾನೇಜರ್.

ಅವನು ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ಹೊರಟ. ಅವಳತ್ತ ನೋಡಿದ್ದು ಒಂದೇ ಸಲ. ಆ ನೋಟದಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು!

ಬ್ರೆಡ್ಡು ಹಾಲು ಹೊಂದಿಸಿ ವಾರ್ಡಿಗೆ ಕಳಿಸಿದ ಮೇಲೆ ಅವಳು ಸೀದ ಹಂಡೆಯ ಮುಂದೆ ಕುಕ್ಕರಿಸಿ ಕೆರೆಯತೊಡಗಿದಳು. ಕೆರೆದಳು, ಕೆರೆದಳು. ಕಣ್ಣೀರು ಹಂಡೆಗೇ ಬೀಳುತ್ತಿತ್ತು.

ಅತ್ತಿಗೆ ಪಕ್ಕಕ್ಕೆ ಬಂದು ಕೂತಳು. "ಈಗಲಾದ್ರೂ ಬಾಯಿ ತೆಗೀಲಾ? ಅವತ್ತು ನಾನು ಸ್ಟೋರ್ ಮುಂದೆ ನೆಲ ಒರೆಸ್ತಿದ್ದೆ. ನೀನು 'ಹೂಂ' ಅನ್ನೋದಷ್ಟು ಕೇಳಿ ಧುಮುಗುಟ್ಟಿಕೊಂಡು ಹೋದೆ. ಅವನ ಮಾತು ಅಲ್ಲಿಂದ ಶುರುವಾಯ್ತು."

"ಏನಂದ...?"

"'ಹೂಂ ಸರ್, ತೂಕ ಬಂದಿದೆ. ಆದ್ರೆ ಇದು ಅವರನ್ನ ತೆಗೆಯೋಕಲ್ಲ. ಜ್ವರದಲ್ಲಿ ಕಂಬ ಹಿಡ್ಕೊಂಡು ಗಂಜಿ ಕಲಕ್ತಿದ್ರು ಆ ಹೆಣ್ಣುಮಗಳು, ಬೇರೆ ಯಾರಿಗೂ ಅಳತೆ ಗೊತ್ತಿಲ್ಲ ಅಂತ. ಇದು ಗೋಡೆ ಮೇಲಿದ್ರೆ ಅವರು ಒಂದು ದಿನ ರಜೆ ತಗೋಬಹುದು. ಅವರನ್ನ ತೆಗೆದ್ರೆ ನನ್ನನ್ನೂ ತೆಗೀರಿ' ಅಂದ. ನನ್ನ ಕಿವಿಯಾರೆ ಕೇಳಿದೆ ಕಣೇ."

ಕೆರೆಯುವ ಕೈ ನಿಂತಿತು.

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತಿಗೆ!"

"ಹೇಳೋಕೆ ಬಿಟ್ಟೆಯಾ ನೀನು? 'ಅವನ ಸುದ್ದಿ ಎತ್ತಬೇಡ' ಅಂತ ಸೌಟು ತೋರಿಸ್ತಿದ್ದೆ. ನನಗೂ ಜೀವದ ಆಸೆ ಇಲ್ವಾ?"

ಜ್ವರ... ಯಾರೂ ಗಮನಿಸಲಿಲ್ಲ ಅಂದುಕೊಂಡಿದ್ದಳು. ಅವನು ಗಮನಿಸಿದ್ದ. ಇವತ್ತು ಅವಳಿಗಾಗಿ ತನ್ನ ತೂಕ ಸುಳ್ಳೆಂದ. ಅವನಪ್ಪನ ಹೆಸರನ್ನೇ ಅವಳ ಕಾಲ ಬುಡದಲ್ಲಿ ಇಟ್ಟು ಹೋದ!

ಅವಳು ಎದ್ದಳು. ಕೈಯ ಮಸಿ ಒರೆಸಿಕೊಳ್ಳಲಿಲ್ಲ.

* * *

"ಗಂಜಿ ಕೆಡಿಸಿದ್ದು ನಾನು," ಎಂದಳು ಮ್ಯಾನೇಜರ್ ಕೋಣೆಯಲ್ಲಿ. ಅವಳ ಹಿಂದೆ ಅತ್ತಿಗೆ, ಅತ್ತಿಗೆಯ ಹಿಂದೆ ಅಡುಗೆಮನೆಯ ಎಲ್ಲ ಹೆಂಗಸರು. "ಚೀಟಿ ಅಂಟಿಸಿದ್ರು, ನಾನು ಓದದೆ ಸುಟ್ಟೆ. ಅವರ ಲೆಕ್ಕದಲ್ಲಿ ಒಂದು ಗ್ರಾಮೂ ತಪ್ಪಿಲ್ಲ."

ಮ್ಯಾನೇಜರ್ ಕುರ್ಚಿಗೆ ಒರಗಿದ. "ಹಾಗಿದ್ರೆ ನೀನೂ ನಡಿ."

"ನಡೀತೀನಿ. ನನ್ನ ತಪ್ಪು ನಾನು ಒಪ್ಪಿದೆ. ಈಗ ನೀವು ಹೇಳಿ. ಚಪ್ಪಟೆ ಓಟ್ಸ್ ಬದಲು ನುಚ್ಚು ತರಿಸಿದ್ದು ಯಾರು?"

"ಅದು ಆಫೀಸಿನ ವಿಷಯ."

"ತಿನ್ನೋದು ಆಫೀಸಲ್ಲ ಸಾರ್, ವಾರ್ಡು! ಅಡುಗೆಯವರಿಗೆ ಒಂದು ಮಾತು ಹೇಳಿದ್ರಾ? ಬೇಯೋಕೆ ಹೆಚ್ಚು ಹೊತ್ತು ಬೇಕು, ಹೆಚ್ಚು ನೀರು ಬೇಕು ಅಂತ ಹೇಳೋಕೆ ಇದ್ದದ್ದು ಆ ಒಂದು ಚೀಟಿ. ಅದನ್ನ ಬರೆದವರನ್ನ ನೀವು ಓಡಿಸಿದ್ರಿ!"

"ಏನು, ಸ್ಟ್ರೈಕಾ? ರೋಗಿಗಳನ್ನ ಉಪವಾಸ ಕೆಡವ್ತೀರಾ?"

"ಅವರನ್ನ ಉಪವಾಸ ಕೆಡವೋದು ನಮ್ಮ ಕೆಲಸ ಅಲ್ಲ," ಎಂದಳು ಕಿಡಿ. "ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಹೋಗುತ್ತೆ. ಆದ್ರೆ ಬಡಿಸೋವಾಗ ಒಂದೊಂದು ಮಂಚದ ಹತ್ರಾನೂ ನಿಂತು ಹೇಳ್ತೀವಿ. ಚೀಲ ಯಾಕೆ ಬದಲಾಯ್ತು, ಬಟ್ಟಲು ಯಾಕೆ ಚಿಕ್ಕದಾಯ್ತು... ಎಲ್ಲಾ! ಬಾಯಿ ಮುಚ್ಚಿಸೋಕೆ ಎಷ್ಟು ಜನರನ್ನ ಕಳಿಸ್ತೀರಿ?"

"ನಾನು ಡಾಕ್ಟರ್‌ಗಳಿಗೂ ಹೇಳ್ತೀನಿ," ಎಂದಳು ಅತ್ತಿಗೆ. "ನನ್ನ ಗಂಟಲು ಸ್ವಲ್ಪ ದೊಡ್ಡದು ಸಾರ್, ನಿಮಗೆ ಗೊತ್ತಲ್ಲ."

ಮ್ಯಾನೇಜರ್ ಒಬ್ಬೊಬ್ಬರ ಮುಖ ನೋಡಿದ. ನೀರು ಕುಡಿದ. ಹೆದರಿಸಿಯೇ ಬದುಕಿದವನಿಗೆ, ಎದುರಿಗಿದ್ದವರು ಹೆದರುವುದನ್ನು ಬಿಟ್ಟ ಮೇಲೆ ಕುರ್ಚಿಯೊಂದೇ ಉಳಿಯುತ್ತದೆ. ಅದೂ ಅಲುಗಾಡುತ್ತಿರುತ್ತದೆ.

"ಸರಿ ಸರಿ... ಏನೀಗ? ಅವನನ್ನೂ ಕರೆಸು. ತೂಕ ಬೇಕಾದ್ರೆ ಗೋಡೆಗೆ ಬರ್ಕೊಳ್ಳಿ. ಹಳೇ ಬಟ್ಟಲು ಗೋಡೌನಲ್ಲಿದೆ. ಹೋಗಿ, ಒಲೆ ನೋಡಿ!"

ಅವಳು ಹೊರಗೆ ಬಂದಳು. ಹೆಂಗಸರೆಲ್ಲ ಸೇರಿ ಅವಳನ್ನು ತಬ್ಬಿಕೊಂಡರು. ಆಗಲೇ ಒಬ್ಬಳು ಇದ್ದಿಲಿನಿಂದ ಗೋಡೆಯ ಮೇಲೆ ಬರೆಯಲು ಓಡಿದಳು. ನುಚ್ಚಿಗೆ ಎಷ್ಟು, ಚಪ್ಪಟೆಗೆ ಎಷ್ಟು, ನೀರು ಎಷ್ಟು...

ಮಧ್ಯಾಹ್ನದ ಊಟ ಮೇಲೆ ಹೋದ ಕೂಡಲೇ ಅತ್ತಿಗೆ ಅವಳ ಕೈಯಿಂದ ಸೌಟು ಕಸಿದುಕೊಂಡಳು.

"ಹೋಗೇ!"

"ಸಂಜೆ ಅಡುಗೆ...?"

"ಗೋಡೆ ಇದೆ, ನಾವಿದೀವಿ. ಅವನು ಹೇಳಿದ್ನಲ್ಲ, ಆ ರಜೆ ಇವತ್ತೇ ತಗೋ. ಮುಖ ತೊಳ್ಕೊಂಡು ಹೋಗು, ಮಸಿ ಮೆತ್ಕೊಂಡಿದೆ!"

ಮುಖ ತೊಳೆಯುವಷ್ಟು ತಾಳ್ಮೆ ಅವಳಿಗೆಲ್ಲಿ?

* * *

ಮಾರ್ಕೆಟ್ ರಸ್ತೆಯಲ್ಲಿ ಅವಳು ನಡೆಯಲಿಲ್ಲ, ಓಡಿದಳು. ಬೀಗ ರಿಪೇರಿ, ಗಡಿಯಾರ ರಿಪೇರಿ, ಕೊಡೆ ರಿಪೇರಿ... ಎಲ್ಲಿ? ಎಲ್ಲಿ? ಊರಿನಲ್ಲಿ ಕೆಟ್ಟದ್ದೆಲ್ಲ ಇದೇ ರಸ್ತೆಗೆ ಬಂದ ಹಾಗಿತ್ತು. ಅವಳೂ ಬಂದಿದ್ದಳು.

ಕೊನೆಗೆ ಒಂದು ಕಿರಿದಾದ ಅಂಗಡಿ. ತೂಗುಹಾಕಿದ ತಟ್ಟೆಗಳ ನಡುವೆ ಒಬ್ಬ ಮುದುಕ, ಅವನ ಪಕ್ಕದಲ್ಲಿ ಸ್ಕ್ರೂ ಬಿಗಿಯುತ್ತ ಅವನು.

ಅವಳನ್ನು ನೋಡಿ ಅವನ ಕೈಯ ಸ್ಕ್ರೂ ಕೆಳಗೆ ಬಿತ್ತು.

"ಅಪ್ಪಾವ್ರೇ," ಎಂದಳು ಅವಳು ಏದುಸಿರಿನಲ್ಲೇ, ಮುದುಕನಿಗೆ. "ನಿಮ್ಮ ಮಗ ಹೇಳಿದ ತೂಕ ಸುಳ್ಳಾಗಲಿಲ್ಲ. ಸುಳ್ಳು ಹೇಳಿದ್ದು ನನ್ನನ್ನ ಉಳಿಸೋಕೆ. ನಾನು ಎಲ್ಲರ ಮುಂದೆ ನಿಜ ಹೇಳಿ ಬಂದಿದೀನಿ. ನಿಮ್ಮ ಮನೆ ಹೆಸರು ಇದ್ದ ಹಾಗೇ ಇದೆ."

ಮುದುಕ ಅವಳನ್ನು ನೋಡಿದ, ಮಗನನ್ನು ನೋಡಿದ. ಚಪ್ಪಲಿ ಹುಡುಕತೊಡಗಿದ. "ನಾನೊಂದು ಟೀ ಕುಡ್ಕೊಂಡು ಬರ್ತೀನಿ."

"ಈಗಷ್ಟೇ ಕುಡಿದ್ಯಲ್ಲಪ್ಪ!"

"ಇನ್ನೊಂದು ಕುಡೀತೀನಿ ಕಣೋ. ನಿನಗೇನು ಕಷ್ಟ?"

ಇಬ್ಬರೇ ಉಳಿದರು.

"ಕೆಲಸ...?" ಎಂದ.

"ಇದೆ. ನನಗೂ ಇದೆ, ನಿಮಗೂ ಇದೆ." ಅವಳ ದನಿ ಒಡೆಯಿತು. "ಆ ಗಳಿಗೆ ನಾನು ಬಾಯಿ ತೆಗೀಲಿಲ್ಲ. ನೀವು ಹೋಗೋದನ್ನ ನೋಡ್ತಾ ನಿಂತೆ. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ..."

"ನನಗೂ ಭಯ ಆಗಿತ್ತು. ನೀವು ಬಾಯಿ ತೆಗೆದ್ರೆ ನಿಮ್ಮ ಕೆಲಸ ಹೋಗ್ತಿತ್ತಲ್ಲ!"

"ಯಾಕೆ ಹಾಗೆ ಮಾಡಿದ್ರಿ? ಯಾರು ನಾನು ನಿಮಗೆ?"

ಅವನು ಕೆಳಗೆ ಬಿದ್ದ ಸ್ಕ್ರೂ ಹುಡುಕಿ ಎತ್ತಿಟ್ಟ. ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ದಿನಾ ಒಂದೇ ಕಪ್ಪನ್ನ ಮತ್ತೆ ಮತ್ತೆ ತೂಗ್ತಿದ್ದೆನಲ್ಲ," ಎಂದ ಕೊನೆಗೆ. "ಲೆಕ್ಕ ಎರಡನೇ ದಿನಾನೇ ಮುಗಿದಿತ್ತು."

ಅವಳ ಬೆರಳು ನಿಂತಿತು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು!

"ಹೊಟ್ಟೆಗೆ ಏನಾದ್ರೂ ತಿಂದ್ರಾ?" ಎಂದಳು. ಅವಳಿಗೆ ಗೊತ್ತಿದ್ದ ಪ್ರೀತಿಯ ಮಾತು ಅದೊಂದೇ.

"ಇಲ್ಲ. ನೀವು?"

"ನಾನೂ ಇಲ್ಲ. ಅಂಗಡಿ ಹಿಂದೆ ಒಲೆ ಇದ್ಯಾ? ಏನಾದ್ರೂ ಮಾಡ್ತೀನಿ."

"ಎಷ್ಟು ಜನಕ್ಕೆ?"

ಅವಳು ತಬ್ಬಿಬ್ಬಾದಳು. ಇಡೀ ವಾರ್ಡಿಗೆ ಅಳೆದವಳು, ಇಡೀ ಆಸ್ಪತ್ರೆಗೆ ಕಲಕಿದವಳು... "ಇಬ್ಬರಿಗೆ," ಎಂದಳು ಮೆಲ್ಲಗೆ. "ಆದ್ರೆ ಇಬ್ಬರಿಗೆ ಅಂತ ಯಾವತ್ತೂ ಮಾಡಿಲ್ಲ ನಾನು. ಅಳತೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ."

"ಹೆಚ್ಚಾಗಿಬಿಟ್ರೆ?"

"ನಾಳೆಗೂ ಇರಲಿ," ಎಂದ ಅವನು, ಅವಳ ಮಸಿಗೈಯನ್ನು ಮೊದಲ ಸಲ ತನ್ನ ಕೈಗೆ ತೆಗೆದುಕೊಳ್ಳುತ್ತ. "ನಾವೂ ಇರ್ತೀವಲ್ಲ."